ಕೈ ತೊಳೆಯುವ ತನಕ

ಗುರಣ್ಣ ಕುರ್ಚಿಯ ಮೇಲೆ ಕೂರುವ ಮೊದಲು ನೆಲ ನೋಡಿದ. ಯಾರೂ ತನ್ನ ಕಡೆ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು, ಬಗ್ಗಿ, ಎರಡು ಕಲ್ಲುಗಳ ನಡುವಿನ ಸಂದಿನ ಮೇಲೆ ಹೆಬ್ಬೆರಳಿನ ಉಗುರು ಎಳೆದ. ಉಗುರು ಎಲ್ಲೂ ತಡೆಯಲಿಲ್ಲ.

"ಮೂರು ವರ್ಷ ಆತು ಮನ್ಯಾ. ಒಂದು ಕಲ್ಲರ ಎದ್ದದೇನು ನೋಡು," ಎಂದು ಜೊತೆಗೆ ಬಂದ ಗೆಳೆಯ ಮನೋಹರನಿಗೆ ಹೇಳಿ, ಆಮೇಲೆ ಕೂತ.

ಪುಣೆಯ ಖರಾಡಿಯಲ್ಲಿ ಹದಿನಾಲ್ಕನೆಯ ಮಹಡಿಯ ಮೇಲಿನ ಈ ಹೋಟೆಲಿಗೆ ಕಪ್ಪು ಕಲ್ಲಿನ ನೆಲ ಹಾಸಿದವನು ಅವನೇ. ನಾಲ್ಕು ತಿಂಗಳು ಮೊಣಕಾಲೂರಿ ಹಾಸಿದ್ದ. ಆಗ ಇಲ್ಲಿ ಗಾಜಿರಲಿಲ್ಲ, ದೀಪವಿರಲಿಲ್ಲ. ಗಾಳಿ ಬೀಸಿದರೆ ಬಾಯಿತುಂಬ ಸಿಮೆಂಟು. "ಹಾಸೋದು ನಾವು, ಕೂಡೋದು ಮಂದಿ. ಒಂದಿನ ಇದರ ಮ್ಯಾಲ ಕುರ್ಚಿ ಹಾಕ್ಕೊಂಡು ಕುಂತು ಉಣಬೇಕಲೇ" ಎಂದು ಅವನು ಆಗ ತಮಾಷೆಗೆ ಅಂದಿದ್ದ. ಗುರಣ್ಣ ಅದನ್ನು ಅಲ್ಲೇ ಮರೆತ. ಮನೋಹರ ಮರೆಯಲಿಲ್ಲ.

ಇಬ್ಬರೂ ಶಹಾಪುರದ ಕಡೆಯ ಒಂದೇ ಊರಿನವರು. ಮೂವತ್ತನಾಲ್ಕು ವರ್ಷದ ಹಿಂದೆ ಒಂದೇ ಲಾರಿಯಲ್ಲಿ ಪುಣೆಗೆ ಬಂದು ಇಳಿದವರು. ಮನೋಹರ ಈಗ ವಾಘೋಲಿಯಲ್ಲಿ ಕಲ್ಲು ಕೊಯ್ಯುವ ಎರಡು ಮಷೀನು ಇಟ್ಟುಕೊಂಡು ತಕ್ಕಮಟ್ಟಿಗೆ ನೆಟ್ಟಗಾಗಿದ್ದ. ಗುರಣ್ಣ ಮಾತ್ರ ಕೊನೆಯ ತನಕ ನೆಲ ಹಾಸುತ್ತಲೇ ಉಳಿದ, ಮೊಣಕಾಲು ಸವೆದು ಹೋಗುವ ತನಕ. ಹೆಂಡತಿ ತೀರಿಕೊಂಡು ಹನ್ನೊಂದು ವರ್ಷ, ಮಕ್ಕಳಿಲ್ಲ. ಬರುವ ರವಿವಾರ ಅವನು ಪುಣೆ ಬಿಟ್ಟು ಇಂದಾಪುರಕ್ಕೆ ಹೋಗುವವನಿದ್ದ, ಅಕ್ಕ ಮರೆಮ್ಮನ ಮನೆಗೆ, ಇನ್ನು ಅಲ್ಲೇ ಇರಲು. ಅದಕ್ಕೆಂದೇ ಈ ಊಟ. ಮನೋಹರ ಮೂರು ವಾರ ಮುಂಚೆಯೇ ಹಣ ಕಟ್ಟಿ ಟೇಬಲು ಹಿಡಿದಿದ್ದ. ಎಂಟು ಗಂಟೆಯದು ಸಿಗದೆ ಆರೂವರೆಯದು ಸಿಕ್ಕಿತ್ತು. "ದನ ಮನಿಗಿ ಬರೋ ಹೊತ್ತಿನ್ಯಾಗ ಯಾರು ಉಣ್ತಾರಲೇ" ಎಂದು ಗುರಣ್ಣ ನಕ್ಕರೂ, ಹಸಿವು ಉಳಿಸಿಕೊಳ್ಳಲೆಂದು ಬೆಳಗಿನಿಂದ ಬರೀ ಚಹದ ಮೇಲೆ ಇದ್ದ.

ಬಾಗಿಲಲ್ಲೇ ಮನೋಹರ ಅವನ ಫೋನು ಕಸಿದು, ಬಂದ್ ಮಾಡಿ, ತನ್ನ ಜೇಬಿಗೆ ಹಾಕಿಕೊಂಡಿದ್ದ. ಗುರಣ್ಣನ ಫೋನು ಸುಮ್ಮನಿರುವ ಜಾತಿಯದಲ್ಲ. ಯಾವುದೋ ಸೈಟಿನಲ್ಲಿ ಯಾವನಿಗೋ ಗಾರೆ ಕಲಸಲು ಬರದಿದ್ದರೂ ಇವನಿಗೇ ಕರೆ. "ಇವತ್ತು ಒಂದಿನ ಜಗತ್ತು ನೀ ಇಲ್ಲದ ನಡೀಲಿ," ಎಂದಿದ್ದ ಮನೋಹರ.

ಇಲ್ಲಿ ನಮಗೆ ಬೇಕಾದದ್ದು ಹೇಳಿ ತರಿಸುವ ಪದ್ಧತಿಯೇ ಇಲ್ಲ. ಅಡುಗೆಯವನು ತನಗೆ ತೋಚಿದ ಒಂಬತ್ತು ಬಗೆ ಮಾಡುತ್ತಾನೆ, ಒಂದಾದ ಮೇಲೊಂದು ಬರುತ್ತದೆ, ನಾವು ತಿನ್ನಬೇಕು. ಎದೆಯ ಮೇಲೆ ಮಂಜರಿ ಎಂಬ ಹೆಸರಿನ ಬಿಲ್ಲೆ ಹಾಕಿಕೊಂಡಿದ್ದ ಹೆಂಗಸು ಮರಾಠಿಯಲ್ಲಿ ಇದನ್ನೆಲ್ಲ ಅಚ್ಚುಕಟ್ಟಾಗಿ ವಿವರಿಸಿ, ಮೊದಲನೆಯ ತಟ್ಟೆ ಇಟ್ಟು ಹೋದಳು. ಮೊರದಷ್ಟು ಅಗಲದ ತಟ್ಟೆ; ನಟ್ಟನಡುವೆ ಬಟಾಣಿಯಷ್ಟು ಏನೋ ಒಂದು ಉಂಡೆ.

ಗುರಣ್ಣ ತಟ್ಟೆಯನ್ನು ಸುತ್ತಲೂ ತಿರುಗಿಸಿ ನೋಡಿದ. "ಲೇ, ಶುಗರಿಂದು ಗುಳಿಗಿ ಇದಕಿಂತ ದೊಡ್ಡದು ಅದ."

ಮನೋಹರ ಬಿದ್ದು ಬಿದ್ದು ನಕ್ಕ. ಆ ಸಂಜೆ ಅವನು ನಕ್ಕಿದ್ದು ಅದೇ ಕೊನೆ. ಜೇಬಿನಲ್ಲಿ ಅವನದೇ ಫೋನು ನಡುಗಿತು. ತೆಗೆದು ನೋಡಿದರೆ ಸುಂದರ, ಮರೆಮ್ಮನ ಮಗ. "ವಾಘೋಲಿಯಿಂದ," ಎಂದು ಸುಳ್ಳು ಹೇಳಿ ಎದ್ದು ಹೊರಗಿನ ಕಾರಿಡಾರಿಗೆ ಹೋದ. ಯಾಕೆ ಸುಳ್ಳು ಹೇಳಿದೆ ಎಂಬುದು ಅವನಿಗೇ ತಿಳಿಯಲಿಲ್ಲ. ಗುರಣ್ಣನ ಸೋದರಳಿಯ ಗುರಣ್ಣನನ್ನು ಬಿಟ್ಟು ತನಗೆ ಕರೆ ಮಾಡಿದ್ದಾನೆ ಎಂಬುದೊಂದೇ ಅವನ ಎದೆಗೆ ಚುಚ್ಚಿತ್ತು.

"ಕಾಕಾ, ಮಾಮಾನ ಫೋನ್ ಬಂದ್ ಅದ," ಎಂದ ಸುಂದರ. ದನಿ ಒಡೆದಿತ್ತು. "ಅವ್ವಗ ಆರಾಮಿಲ್ಲ. ದವಾಖಾನ್ಯಾಗ ಇದ್ದೀವಿ. ಮಾಮಾನ್ನ ಕರಕೊಂಡು ಲಗೂ ಬರ್ರಿ."

"ಏನಾತೋ ಸುಂದರ?"

ಆ ಕಡೆ ಯಾರೋ ಹೆಂಗಸು ಅಳುತ್ತಿದ್ದಳು. "ಫೋನಿನ್ಯಾಗ ಏನ್ ಹೇಳ್ಲಿ ಕಾಕಾ. ಲಗೂ ಬರ್ರಿ ಅಷ್ಟ."

"ಹೊಂಟೀವಿ," ಎಂದ ಮನೋಹರ. "ಈಗ ಹೊಂಟ್ವಿ. ನೀ ಧೈರ್ಯದಿಂದ ಇರು."

ಆಗ ಆರೂ ಮುಕ್ಕಾಲು.

ನಮ್ಮ ಕಡೆ ಸಾವನ್ನು ಸಾವೆಂದು ಫೋನಿನಲ್ಲಿ ಯಾರೂ ಹೇಳುವುದಿಲ್ಲ. ಆರಾಮಿಲ್ಲ ಅನ್ನುತ್ತಾರೆ, ಲಗೂ ಬರ್ರಿ ಅನ್ನುತ್ತಾರೆ. ಅದನ್ನೂ ಹತ್ತಿರದವರಿಗೆ ನೇರವಾಗಿ ಹೇಳದೆ ಗೆಳೆಯನಿಗೋ ಕೆಲಸದ ಮುಕಾದಮನಿಗೋ ಹೇಳುತ್ತಾರೆ. ದೂರದಲ್ಲಿರುವವನು ಬಸ್ಸಿನಲ್ಲಿ ಒಬ್ಬನೇ ಎದೆ ಒಡೆದುಕೊಳ್ಳಬಾರದು, ಮನೆಯ ಅಂಗಳಕ್ಕೆ ಬಂದು ನಾಲ್ಕು ಜನರ ನಡುವೆ ಅಳಬೇಕು, ಅಷ್ಟೇ ಅದರ ಅರ್ಥ. ಕೇಳುವವನಿಗೂ ಗೊತ್ತು, ಹೇಳುವವನಿಗೂ ಗೊತ್ತು. ಮನೋಹರ ಈ ಐವತ್ತಾರು ವರ್ಷದಲ್ಲಿ ಇಂಥ ಕರೆಗಳನ್ನು ಹತ್ತಾದರೂ ಕೇಳಿದ್ದಾನೆ. ಒಂದರಲ್ಲೂ ಆರಾಮಿಲ್ಲದವರು ಬದುಕಿರಲಿಲ್ಲ. ಹೀಗಾಗಿ ಮರೆಮ್ಮ ಹೋದಳು ಎಂಬುದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನ ಉಳಿಯಲಿಲ್ಲ. ಗುರಣ್ಣನ ಫೋನು ಬಂದ್ ಮಾಡಿದವನು ತಾನೇ, ಅದಕ್ಕೇ ಕರೆ ತನಗೆ ಬಂತು ಎಂಬುದು ಅವನ ತಲೆಗೆ ಹೊಳೆಯಲೇ ಇಲ್ಲ. ಬುದ್ಧಿವಂತ ಮನುಷ್ಯನೇ, ಆದರೆ ರೂಢಿ ಕಣ್ಣು ಕಟ್ಟಿದರೆ ಬುದ್ಧಿ ಏನು ಮಾಡೀತು!

ಕಾರಿಡಾರಿನ ಗೋಡೆಗೆ ಒರಗಿ ನಿಂತ. ಮರೆಮ್ಮನ ಕೈಯ ರೊಟ್ಟಿ ಅವನೂ ತಿಂದವನು. ಇಂದಾಪುರದ ಎಸ್‌ಟಿ ಬಸ್ ಸ್ಟ್ಯಾಂಡಿನ ಬಳಿ ಅವಳ ರೊಟ್ಟಿ ಅಂಗಡಿ. ಇವನು ಹೋದಾಗಲೆಲ್ಲ ಎರಡು ರೊಟ್ಟಿ ಕೇಳಿದರೆ ನಾಲ್ಕು ಬಡಿಯುತ್ತಿದ್ದಳು. ಕಣ್ಣು ಒರೆಸಿಕೊಂಡು ಮುಂದಿನದನ್ನು ಯೋಚಿಸಿದ. ಉಣ್ಣುವವನಿಗೆ ಸಾವಿನ ಸುದ್ದಿ ಹೇಳಬಾರದು. ಎಲೆಯ ಮುಂದೆ ಕೂತವನು ಎದ್ದು ಕೈ ತೊಳೆಯುವ ತನಕ ಬಾಯಿ ಬಿಡಬಾರದು. ಇದು ಅಜ್ಜನ ಕಾಲದ ಮಾತು. ಹೇಳಿದ ಗಳಿಗೆಯಿಂದ ಗುರಣ್ಣ ನೀರೂ ಮುಟ್ಟುವುದಿಲ್ಲ, ಅಕ್ಕನಿಗೆ ಮಣ್ಣು ಕೊಡುವ ತನಕ. ಮಣ್ಣು ನಾಳೆ ಮಧ್ಯಾಹ್ನವೋ ಸಂಜೆಯೋ. ಶುಗರಿನ ಮನುಷ್ಯ, ಬೆಳಗಿನಿಂದ ಖಾಲಿ ಹೊಟ್ಟೆ. ಹೋದವಳು ಹೋದಳು, ಇನ್ನೆರಡು ತಾಸು ತಡವಾದರೆ ಅವಳು ಮತ್ತೆಲ್ಲಿಗೆ ಹೋಗುತ್ತಾಳೆ? ಇದ್ದವನ ಹೊಟ್ಟೆಗೆ ಮೊದಲು ನಾಲ್ಕು ತುತ್ತು ಬೀಳಲಿ.

ಇನ್ನೊಂದು ಮಾತೂ ಇತ್ತು. ಮನೋಹರನ ಅಪ್ಪ ಸತ್ತಾಗ ಹೀಗೇ ಕರೆ ಬಂದದ್ದು ಗುರಣ್ಣನಿಗೆ. ಅವನು ಏನೂ ಹೇಳದೆ ಮನೋಹರನನ್ನು ಹಡಪಸರದ ಖಾನಾವಳಿಗೆ ಕರೆದುಕೊಂಡು ಹೋಗಿ, ಝುಣಕಾ ರೊಟ್ಟಿ ತಿನ್ನಿಸಿ, ಮೇಲೆ ಮಜ್ಜಿಗೆ ಕುಡಿಸಿ, ಕೈಗೆ ತಾನೇ ನೀರು ಹಾಕಿ, ಆಮೇಲೆ "ಊರಿಗಿ ಹೋಗೋಣ ನಡಿ" ಅಂದಿದ್ದ. ಎರಡು ದಿನದ ಅಳುವಿಗೆ, ಹೊರುವಿಕೆಗೆ ಆ ರೊಟ್ಟಿಯೇ ತನ್ನನ್ನು ನಿಲ್ಲಿಸಿತ್ತು ಎಂದು ಮನೋಹರ ಇಂದಿಗೂ ನಂಬಿದ್ದ. ಅವತ್ತು ಅವನು ನನಗೆ ಮಾಡಿದ್ದನ್ನು ಇವತ್ತು ನಾನು ಅವನಿಗೆ ಮಾಡುತ್ತೇನೆ ಎಂದುಕೊಂಡು ಒಳಗೆ ಬಂದು ಕೂತ.

"ಏನಂತ?"

"ಬ್ಲೇಡು ಮುರದದಂತ."

"ಮುರದ್ರ ಮುರೀಲಿ. ನೀ ಉಣ್ಣು," ಎಂದ ಗುರಣ್ಣ.

ತೊಂದರೆ ಏನೆಂದರೆ, ಈ ಊಟ ಮುಗಿಯುವಂಥದ್ದಲ್ಲ. ಖಾನಾವಳಿಯ ತಾಟು ಕಾಲು ಗಂಟೆಯಲ್ಲಿ ಖಾಲಿಯಾಗುತ್ತದೆ. ಇಲ್ಲಿ ಒಂದು ತುತ್ತು, ಆಮೇಲೆ ಇಪ್ಪತ್ತು ನಿಮಿಷ ಕಾಯುವುದು, ಮತ್ತೊಂದು ತುತ್ತು. ಎರಡನೆಯದಾಗಿ ಗಾಜಿನ ಲೋಟದಲ್ಲಿ ಮೂರು ಗುಟುಕು ಸಾರು ಬಂತು. ಮನೋಹರ ಮಂಜರಿಯನ್ನು ಕರೆದು, ಎಲ್ಲವನ್ನೂ ಒಟ್ಟಿಗೆ ತಂದುಬಿಡಿ ತಾಯಿ, ಸ್ವಲ್ಪ ಅವಸರ ಇದೆ ಎಂದು ಮರಾಠಿಯಲ್ಲಿ ಬೇಡಿಕೊಂಡ. ಅವಳು ನಯವಾಗಿ ನಕ್ಕಳು. ಒಳಗೆ ಎಲ್ಲ ಗಡಿಯಾರ ನೋಡಿಯೇ ಮಾಡುವುದಂತೆ. ಮುಂಚೆ ತರಲು ಬರುವುದಿಲ್ಲವಂತೆ. "ಕಾಕಾ, ಘಾಯಿ ಕಶಾಲಾ?" ಎಂದು ಲೋಟ ಎತ್ತಿಕೊಂಡು ಹೋದಳು.

"ಖರೇನ, ಅವಸರ ಯಾಕ ನಿನಗ?" ಎಂದ ಗುರಣ್ಣ. "ಮೂವತ್ತನಾಲ್ಕು ವರ್ಷ ಅವಸರ ಮಾಡಿವಿ. ಇವತ್ತು ಕುಂತು ಉಣ್ಣೂನು."

ಮೂರನೆಯ ತಟ್ಟೆ ಖಾಲಿಯಾಗುವ ಹೊತ್ತಿಗೆ ಏಳೂ ನಲವತ್ತು. ಮೇಜಿನ ಕೆಳಗೆ ಫೋನಿನ ಬೆಳಕು ಹೊತ್ತಿತು. ಎಲ್ಲಿಗಿ ಬಂದ್ರಿ ಕಾಕಾ, ಎಂದು ಸುಂದರ ಬರೆದಿದ್ದ. ಮನೆ ಮುಂದೆ ಜನ ಸೇರಿರುತ್ತಾರೆ, ತಮ್ಮ ಎಲ್ಲಿ ಎಂದು ಹಿರಿಯರು ಕೇಳುತ್ತಿರುತ್ತಾರೆ, ಇನ್ನೂ ಹೊರಟೇ ಇಲ್ಲ ಎಂದು ಹೇಗೆ ಹೇಳುವುದು? ಇಂದಾಪುರಕ್ಕೆ ಹೋಗುವ ಸೋಲಾಪುರದ ಹೆದ್ದಾರಿ ಮನೋಹರನಿಗೆ ಅಂಗೈಯ ಗೆರೆಯಷ್ಟು ಗೊತ್ತು. ಆರೂ ಮುಕ್ಕಾಲಿಗೆ ಹೊರಟಿದ್ದರೆ ಈಗ ಎಲ್ಲಿರುತ್ತಿದ್ದೆವು ಎಂದು ಲೆಕ್ಕ ಹಾಕಿ, ಯವತ್ ದಾಟೀವಿ, ಎಂದು ಬರೆದು ಕಳಿಸಿದ. ಕೊನೆಗೆ ಟೈರು ಒಡೆಯಿತೆಂದೋ ಏನೋ ಒಂದು ಹೇಳಿದರಾಯಿತು. ದಾರಿಯ ಮೇಲಿನ ಸುಳ್ಳನ್ನು ಯಾರು ಲೆಕ್ಕ ಇಡುತ್ತಾರೆ!

ನಾಲ್ಕನೆಯದು ಬಂದಾಗ ಗುರಣ್ಣ ಬಗ್ಗಿ ನೋಡಿ ಚಪ್ಪಾಳೆ ಹೊಡೆದ. ಐದು ರೂಪಾಯಿ ನಾಣ್ಯದಷ್ಟು ಅಗಲದ ಜೋಳದ ರೊಟ್ಟಿ, ಅದರ ಮೇಲೆ ಒಂದು ಚುಕ್ಕಿ ಬೆಣ್ಣೆ, ಸಾಸಿವೆಯಷ್ಟು ಶೇಂಗಾ ಹಿಂಡಿ. ಮಂಜರಿ ಅದಕ್ಕೂ ಒಂದು ಉದ್ದನೆಯ ಹೆಸರು ಹೇಳಿದಳು.

"ಅಯ್ಯೋ ನನ್ನಪ್ಪಾ, ರೊಟ್ಟಿ! ಇದನ್ನ ಅಕ್ಕಗ ತೋರಸಬೇಕಲೇ. ಹಿಟ್ಟು ತೀರಿತ್ತೇನು ಇದನ್ನ ಬಡದವರಿಗಿ ಅಂತ ಕೇಳ್ತಾಳ." ಗುರಣ್ಣ ಕೈ ಚಾಚಿದ. "ಕೊಡು ನನ್ನ ಫೋನು. ಒಂದು ಮಾತು ಹೇಳಿ ಇಟ್ಟುಬಿಡ್ತೀನಿ. ಭಾಳ ನಗ್ತಾಳ."

ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡ ಹಾಗಿತ್ತು ಮನೋಹರನ ಪಾಡು, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. "ಬ್ಯಾಡ," ಎಂದ. "ಇವತ್ತು ಫೋನ್ ಇಲ್ಲಂದ್ರ ಇಲ್ಲ."

"ಒಂದ ಮಿನಿಟು."

"ನನ್ನ ಮ್ಯಾಲ ಆಣಿ ನೋಡು ಗುರಣ್ಣ."

ಆಣೆ ಅಂದ ಮೇಲೆ ಗುರಣ್ಣ ಕೈ ಹಿಂದೆ ತೆಗೆದುಕೊಂಡ. "ಆತು ಬಿಡಪ್ಪ. ರವಿವಾರ ಹೋಗಿ ಎದುರಿಗೇ ಹೇಳ್ತೀನಿ," ಎಂದು ಆ ರೊಟ್ಟಿಯನ್ನು ಬಾಯಿಗೆ ಹಾಕಿಕೊಂಡ. ಆಮೇಲೆ ಅಕ್ಕನ ಮಾತೇ. ಅವ್ವ ಅಪ್ಪ ಇಬ್ಬರೂ ಒಂದೇ ವರ್ಷ ಹೋದಾಗ ಅವನಿಗೆ ನಾಲ್ಕು, ಮರೆಮ್ಮನಿಗೆ ಹದಿನಾಲ್ಕು. ಮದುವೆಯಾಗಿ ಇಂದಾಪುರದ ಕಬ್ಬಿನ ಗ್ಯಾಂಗಿಗೆ ಹೊರಟವಳು, ತಮ್ಮನನ್ನು ಬಿಟ್ಟು ಬರುವುದಿಲ್ಲ ಎಂದು ಗಾಡಿಯ ಮುಂದೆ ಕೂತುಬಿಟ್ಟಿದ್ದಳಂತೆ. ಅವನು ಬೆಳೆದು ಊರಿಗೆ ಮರಳುವ ತನಕ ಕಬ್ಬಿನ ಗದ್ದೆಯ ಬದುವಿನಲ್ಲಿ ಉಣ್ಣಿಸಿ, ಹೊಟ್ಟೆ ಚಿವುಟಿ ನೋಡುತ್ತಿದ್ದಳಂತೆ, ತುಂಬಿದೆಯೋ ಇಲ್ಲವೋ ಎಂದು. ಚಿವುಟಿದ ತೊಗಲು ಬೆರಳಿಗೆ ಸಿಕ್ಕರೆ ಇನ್ನೊಂದು ಅರ್ಧ ರೊಟ್ಟಿ.

"ಈಗ ನನಗಂತ ಹಿತ್ತಲದಾಗ ಒಂದು ಖೋಲಿ ಕಟ್ಟಿಸ್ಯಾಳ. ನೆಲ ಮಾತ್ರ ಮಣ್ಣಿಂದ ಬಿಟ್ಟಾಳ. ಗುರ್ಯಾ ಬಂದು ಹಾಸ್ತಾನ, ಬ್ಯಾರೆಯವರು ಕೈ ಹಚ್ಚಬ್ಯಾಡ್ರಿ ಅಂದಾಳಂತ. ಮಂದಿ ಮನಿಗೆಲ್ಲ ಹಾಸಿದೆ ಮನ್ಯಾ. ಇದೊಂದು ನಂದು."

ಮನೋಹರ ತಲೆ ಎತ್ತಲಿಲ್ಲ. ಕಣ್ಣೀರು ತಟ್ಟೆಗೆ ಬಿತ್ತು. ಖಾರ ಹತ್ತಿತು ಎಂದ. ಖಾರವೇ ಇಲ್ಲದ ತಿನಿಸಿಗೆ ಖಾರ ಹತ್ತಿದ್ದನ್ನು ಕಂಡು ಗುರಣ್ಣ ನೀರಿನ ಗ್ಲಾಸು ಮುಂದೆ ತಳ್ಳಿದ. ಈ ಮನುಷ್ಯನಿಗೆ ನಾನು ಮೋಸ ಮಾಡುತ್ತಿದ್ದೇನೋ, ಉಪಕಾರ ಮಾಡುತ್ತಿದ್ದೇನೋ ಎಂದು ಮನೋಹರನಿಗೆ ಆಗ ಮೊದಲ ಸಲ ಹೆದರಿಕೆಯಾಯಿತು. ಹೇಳಿಬಿಡಲೇ ಎಂದು ಬಾಯಿ ತೆರೆದ. ಗುರಣ್ಣನ ಬೆರಳಿಗೆ ಬೆಣ್ಣೆ ಮೆತ್ತಿತ್ತು. ಎಂಜಲು ಕೈ. ಬಾಯಿ ಮುಚ್ಚಿಕೊಂಡ.

ಐದನೆಯದು ಮೀನು, ಆರನೆಯದು ಮೂಳೆಯಿಲ್ಲದ ಕುರಿಯ ಮಾಂಸ. ಗುರಣ್ಣನಿಗೆ ಚಮಚ ಸಾಕಾಗಿತ್ತು. "ಕಾಕಾ, ಹಾತಾನೆ ಖಾಲ್ಲಂ ತರಿ ಚಾಲೇಲ್," ಕೈಯಿಂದ ತಿಂದರೂ ನಡೆಯುತ್ತದೆ ಎಂದು ಮಂಜರಿಯೇ ಹೇಳಿದ ಮೇಲೆ ಅವನು ತೋಳು ಮಡಚಿದ. ಅಷ್ಟರಲ್ಲಿ ಸುಂದರ ಎರಡು ಸಲ ಕರೆ ಮಾಡಿದ. ಮನೋಹರ ಎತ್ತಲಿಲ್ಲ. ಎತ್ತಿದರೆ ತನ್ನ ಮಾತಿನಿಂದಲೇ ಗುರಣ್ಣನಿಗೆ ಗೊತ್ತಾದೀತು. ಎದ್ದು ಹೊರಗೆ ಹೋದರೆ ಅನುಮಾನ ಬಂದೀತು. ಎಂಟೂ ನಲವತ್ತಕ್ಕೆ ಮತ್ತೆ ಸಂದೇಶ: ಈಗ ಎಲ್ಲಿ ಕಾಕಾ, ಜಲ್ದಿ ಹೇಳ್ರಿ. ಮಣ್ಣಿನ ಹೊತ್ತು ಗೊತ್ತು ಮಾಡಲು ಕೇಳುತ್ತಿದ್ದಾರೆ ಎಂದುಕೊಂಡು ಅವನು, ಭಿಗವಣ ಬಂತು, ಎಂದು ಬರೆದ. ಭಿಗವಣದಿಂದ ಇಂದಾಪುರ ಅರ್ಧ ತಾಸಿನ ಹಾದಿ ಅಷ್ಟೇ. ಬರೆದಾದ ಮೇಲೆ ಇಷ್ಟು ಮುಂದೆ ಹೋಗಬಾರದಿತ್ತು ಅನ್ನಿಸಿತು. ಆದರೆ ಸಂದೇಶ ಹೋಗಿಯಾಗಿತ್ತು, ಅದರ ಪಕ್ಕ ನೀಲಿ ಗುರುತೂ ಬಿದ್ದಿತ್ತು.

ಏಳು, ಎಂಟು, ಒಂಬತ್ತು. ಕೊನೆಯದು ಎರಡು ಚಮಚ ಐಸ್‌ಕ್ರೀಮು. ಶುಗರು ಮರೆತು ಗುರಣ್ಣ ತಟ್ಟೆಯನ್ನು ಬೆರಳಿನಿಂದ ಬಳಿದ. "ಆನಿ ಹೊಟ್ಟಿಗಿ ಅರಕಾಸಿನ ಮಜ್ಜಿಗಿ. ಆದ್ರೂ ಛಲೋ ಇತ್ತಲೇ. ಮನ್ಯಾಗ ಇನ್ನೊಮ್ಮೆ ಉಂಡರಾತು," ಎಂದ. ಮಂಜರಿ ಬೆಚ್ಚನೆಯ ಒದ್ದೆ ಬಟ್ಟೆ ತಂದುಕೊಟ್ಟಳು. ಅದರಿಂದ ಅವನಿಗೆ ಸಮಾಧಾನವಾಗಲಿಲ್ಲ. ನೀರಿಗೇ ಹೋಗಿ, ಎರಡೂ ಕೈ ತೊಳೆದು, ಬಾಯಿ ಮುಕ್ಕಳಿಸಿ, ಪ್ಯಾಂಟಿಗೆ ಕೈ ಒರೆಸಿಕೊಳ್ಳುತ್ತ ಕುಂಟುತ್ತ ಬಂದ. ಮನೋಹರ ಎದ್ದು ನಿಂತಿದ್ದ. ಒಂಬತ್ತೂ ಇಪ್ಪತ್ತು.

"ಗುರಣ್ಣ, ಸುಂದರ ಫೋನ್ ಮಾಡಿದ್ದ. ಅಕ್ಕಗ ಆರಾಮಿಲ್ಲಂತ. ನಡಿ, ಹೋಗೂನು."

ಗುರಣ್ಣ ಅವನ ಮುಖ ನೋಡಿದ. ಏನೆಂದು ಕೇಳಲಿಲ್ಲ. ಅವನೂ ಅದೇ ಊರಿನವನು, ಅವನಿಗೂ ಈ ಭಾಷೆ ಗೊತ್ತು. ಎರಡು ಕೈಯಿಂದ ಕುರ್ಚಿಯ ಬೆನ್ನು ಹಿಡಿದುಕೊಂಡ.

"ಯಾವಾಗ?"

"ಆರೂ ಮುಕ್ಕಾಲಿಗಿ. ನೀ ಉಣ್ಣಾಕ ಕುಂತಿದ್ದಿ."

ಗುರಣ್ಣನ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು. ಪಕ್ಕದ ಮೇಜಿನವರು ತಿರುಗಿ ನೋಡಿ ಮತ್ತೆ ತಮ್ಮ ತಟ್ಟೆಗೆ ತಿರುಗಿದರು. ಕೊನೆಗೆ ಗುರಣ್ಣ ಮನೋಹರನ ಹೆಗಲ ಮೇಲೆ ಕೈ ಇಟ್ಟ. "ಛಲೋ ಮಾಡಿದಿ," ಎಂದ. "ನಿನ್ನ ಜಾಗಾದಾಗ ನಾ ಇದ್ದರೂ ಹಿಂಗ ಮಾಡ್ತಿದ್ದೆ. ಹೊಟ್ಟಿಗಿ ಹಾಕಿ ಹೇಳಿದಿ. ಒಡಹುಟ್ಟಿದ ತಮ್ಮನರ ಇಷ್ಟು ಮಾಡ್ತಿದ್ದಿಲ್ಲ."

ಆ ಮಾತಿನಿಂದ ಮನೋಹರನ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ತಾನು ಮಾಡಿದ್ದು ಸರಿ. ಇಬ್ಬರೂ ಲಿಫ್ಟಿನಲ್ಲಿ ಕೆಳಗಿಳಿದರು. ಮನೋಹರ ಬಾಡಿಗೆ ಕಾರು ಕರೆದಿದ್ದ. ಎದುರಿನ ದೀಪದ ಕಂಬದ ಬಳಿ ನಿಂತು ಕಾಯುತ್ತಿದ್ದಾಗ ಫೋನು ಮತ್ತೆ ನಡುಗಿತು.

"ತಾ ಇಲ್ಲಿ, ನಾ ಮಾತಾಡ್ತೀನಿ ಅವನ ಜೋಡಿ," ಎಂದು ಗುರಣ್ಣ ತೆಗೆದುಕೊಂಡ. ಕಲ್ಲು ಕೊಯ್ಯುವ ಸದ್ದಿನಲ್ಲಿ ಅವನ ಕಿವಿ ಎಂದೋ ಮಂದವಾಗಿತ್ತು, ಹಾಗಾಗಿ ಯಾವಾಗಲೂ ಸ್ಪೀಕರು ಹಚ್ಚಿಯೇ ಮಾತಾಡುವುದು. ಸುಂದರನ ದನಿ ಇಬ್ಬರಿಗೂ ಕೇಳಿಸಿತು.

"ಕಾಕಾ, ಹೋದಳ್ರೀ ಅವ್ವ. ಹೋದಳು. ಈಗ ಐದು ಮಿನಿಟ್ ಆತು."

ಗುರಣ್ಣ ಫೋನನ್ನು ಮುಖದ ಹತ್ತಿರ ತಂದ. "ಏನಂದಿ? ಈಗ?"

"ಮಾಮಾ! ಎಲ್ಲಿದ್ದೀರಿ ನೀವು? ಭಿಗವಣದಾಗಿಂದ ಇಷ್ಟೊತ್ತು ಯಾಕ ಹತ್ತಿತು?" ಸುಂದರ ಬಿಕ್ಕಿದ. "ದವಾಖಾನಿಗಿ ತಂದಾಗಿಂದ ನಿನ್ನ ಹೆಸರ ಹಿಡದಿದ್ಲು. ಫೋನಿನ್ಯಾಗರ ಮಾತಾಡಸ್ರಿ ಅಂದ್ಲು, ನಿಂದು ಬಂದ್ ಬರ್ತಿತ್ತು. ಮಾಮಾ ಹೊಂಟಾನ ಅಂದೆ, ಕಣ್ಣು ತೆರದ್ಲು. ಯವತ್ ದಾಟ್ಯಾರ ಅಂದೆ, ಹೂಂ ಅಂದ್ಲು. ಭಿಗವಣ ಬಂತು ಅಂದ ಮ್ಯಾಲ ನನ್ನ ಎಬ್ಬಿಸಿ ಕೂಡಸ್ರಿ ಅಂತ ಹಟಾ ಹಿಡದ್ಲು. ಗುರ್ಯಾ ಬಂದಾಗ ನಾ ಮಲಗಿರಬಾರದು, ಅಂಜ್ತಾನ ಅಂದ್ಲು. ಡಾಕ್ಟರ್ ಬ್ಯಾಡ ಅಂದ್ರೂ ಕೇಳಲಿಲ್ಲ. ದಿಂಬು ಇಟ್ಟು ಕೂಡಿಸಿದ್ವಿ. ಬಾಗಲಾ ನೋಡಿಕೋತ ಕುಂತಿದ್ಲು ಮಾಮಾ. ಕುಂತಲ್ಲೇ ಹೋದ್ಲು."

ಹಾಗಾದರೆ ಮರೆಮ್ಮ ಬದುಕಿದ್ದಳು. ಮೊದಲನೆಯ ತಟ್ಟೆಯಲ್ಲಿ ನಗುವಾಗ ಬದುಕಿದ್ದಳು, ರೊಟ್ಟಿ ನೋಡಿ ಗುರಣ್ಣ ಕೈ ಚಾಚಿದಾಗ ಬದುಕಿದ್ದಳು. ಕೇಳಿದ ಕೂಡಲೇ ಎದ್ದು ಹೊರಟಿದ್ದರೆ ಒಂಬತ್ತೂ ಕಾಲಿಗೆಲ್ಲ ಅವಳ ಮಗ್ಗುಲಲ್ಲಿ ಇರುತ್ತಿದ್ದರು. ಹೋಗಲಿ, ಆ ಫೋನಾದರೂ ಕೊಟ್ಟಿದ್ದರೆ!

ಗುರಣ್ಣ ಮನೋಹರನ ಕಡೆ ನೋಡಿದ. ನೋಡುತ್ತಲೇ ಫೋನಿಗೆ ಹೇಳಿದ, ಒಂದೊಂದೇ ಮಾತು ಹೆಕ್ಕಿ ಹೆಕ್ಕಿ: "ಗಾಡಿ ಕೆಟ್ಟಿತ್ತೋ ಸುಂದರ. ಬರಾಕತ್ತೀವಿ. ತಡಾ ಆಗ್ತದ. ಆಕೀನ್ನ ಹಂಗೇ ಕೂಡಿಸಿ ಇಟ್ಟಿರ್ರಿ, ಮಲಗಸಬ್ಯಾಡ್ರಿ."

ಫೋನು ಆರಿಸಿ ಮನೋಹರನ ಕೈಗೆ ಕೊಟ್ಟ.

"ಗುರಣ್ಣ, ಆಕಿ ಹೋಗ್ಯಾಳ ಅಂತ ತಿಳಕೊಂಡಿದ್ದೆ. ನಮ್ಮವ್ವನಾಣಿ ಖರೇನ. ಹಂಗ ಹೇಳ್ತಾರಲ್ಲ, ಆರಾಮಿಲ್ಲ ಅಂತ..."

ಗುರಣ್ಣ ಕೇಳಿಸಿಕೊಂಡನೋ ಇಲ್ಲವೋ. ಅವನು ಕಂಬದ ಹಿಂದಿನ ಗಿಡಗಳ ಕಡೆ ಹೋಗಿ, ಬಗ್ಗಿ, ಗಂಟಲಿಗೆ ಎರಡು ಬೆರಳು ಹಾಕಿದ. ಮತ್ತೆ ಹಾಕಿದ. ಬೆನ್ನು ಹಿಂಡಿ ಹಿಂಡಿ ಬರುತ್ತಿತ್ತು, ಬಾಯಿಂದ ಮಾತ್ರ ಬರೀ ಲೋಳೆ. ಒಂಬತ್ತು ತಟ್ಟೆ ಉಂಡಿದ್ದ, ಕಕ್ಕೋಣ ಅಂದರೆ ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಮನೋಹರ ಬೆನ್ನು ಸವರಲು ಹೋದ. ಗುರಣ್ಣ ತಿರುಗಿ ನೋಡದೆ ಮೊಣಕೈಯಿಂದ ಆ ಕೈಯನ್ನು ಸರಿಸಿದ.

ಕಾರು ಬಂದು ನಿಂತ ಮೇಲೆ ಚಾಲಕ ಗಾಜು ಇಳಿಸಿ, ಕುಡಿದಿದ್ದಾರೇನು, ಒಳಗೆ ಕಕ್ಕಿದರೆ ನಾನು ಕರೆದೊಯ್ಯುವುದಿಲ್ಲ ಎಂದು ಮರಾಠಿಯಲ್ಲಿ ಗದರಿಸಿದ. ಕುಡಿದಿಲ್ಲ, ಅಕ್ಕ ಸತ್ತಿದ್ದಾಳೆ ಎಂದು ಮನೋಹರ ಹೇಳಬೇಕಾಯಿತು. ಸಾವನ್ನು ಸಾವೆಂದು ಅವನು ಬಾಯಿಬಿಟ್ಟು ಹೇಳಿದ್ದು, ಆ ದಿನ, ಪರಿಚಯವಿಲ್ಲದ ಆ ಮನುಷ್ಯನಿಗೆ.

ಗುರಣ್ಣ ಹಿಂದಿನ ಬಾಗಿಲು ತೆಗೆದು ಕೂತ. ಮನೋಹರ ಹೊರಗೇ ನಿಂತ. ಬಾ ಅನ್ನುತ್ತಾನೋ, ಬರಬೇಡ ಅನ್ನುತ್ತಾನೋ ತಿಳಿಯದೆ ಬಾಗಿಲಿನ ಅಂಚು ಹಿಡಿದುಕೊಂಡಿದ್ದ.

"ಬಾ," ಎಂದ ಗುರಣ್ಣ. "ಗಾಡಿ ಕೆಟ್ಟಿತ್ತು ಅಂತ ಹೇಳೀನಿ. ನೀ ಬರದಿದ್ರ ಮಂದಿ ಕೇಳ್ತಾರ. ನೀನೂ ಅದನ್ನ ಹೇಳಬೇಕು, ಸಾಯೋತನಕ. ನಾ ಉಣಕೋತ ಕುಂತಿದ್ದೆ ಅಂತ ಸುಂದರಗ ಗೊತ್ತಾಗಬಾರದು." ಸ್ವಲ್ಪ ತಡೆದು ಅಂದ: "ಮುಂದ ಕೂಡು. ನನ್ನ ಮಗ್ಗಲಕ ಬ್ಯಾಡ."

ಮನೋಹರ ಚಾಲಕನ ಪಕ್ಕದಲ್ಲಿ ಕೂತ. ಹಡಪಸರದ ತನಕ ವಾಹನಗಳ ಸಾಲು, ಆಮೇಲೆ ರಸ್ತೆ ತೆರವಾಯಿತು. ಕನ್ನಡಿಯಲ್ಲಿ ಗುರಣ್ಣನ ಮುಖ ಕಾಣುತ್ತಿರಲಿಲ್ಲ, ಮಡಿಲಲ್ಲಿ ಇಟ್ಟುಕೊಂಡ ಎರಡು ಕೈ ಮಾತ್ರ ಕಾಣುತ್ತಿದ್ದವು. ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂದು ಜನ ಎಷ್ಟು ಸಲೀಸಾಗಿ ಹೇಳುತ್ತಾರೆ! ಹಾಗೆ ಹೇಳುವವರು ಮನೋಹರನ ಜಾಗದಲ್ಲಿ ಒಂದು ಗಳಿಗೆ ಕೂತು ನೋಡಬೇಕಿತ್ತು. ಬೈದಿದ್ದರೆ, ಹೊಡೆದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಗುರಣ್ಣ ಬೈಯಲೂ ಇಲ್ಲ.

ಲೋಣಿ ಬಂದಾಗ ಹಿಂದಿನಿಂದ ದನಿ ಬಂತು.

"ಗಾಡಿ ಎಲ್ಲಿ ಕೆಟ್ಟಿತ್ತು ಅಂತ ಕೇಳ್ತಾರ. ಏನ್ ಹೇಳ್ತಿ?"

ಮನೋಹರ ಕಿಟಕಿಯಾಚೆ ನೋಡಿದ. "ಇಲ್ಲೇ ಅಂತೀನಿ. ಲೋಣಿ ಹತ್ರ."

"ಲೋಣಿ ಬ್ಯಾಡ," ಎಂದ ಗುರಣ್ಣ. "ಭಿಗವಣ ದಾಟಿದ ಮ್ಯಾಲ ಅನ್ನು. ನಾ ಅಲ್ಲೀತನಕ ಬಂದೀನಿ ಅಂತ ತಿಳಕೊಂಡು ಹೋಗ್ಯಾಳ. ಅಲ್ಲಿಂದ ಹಿಂದಕ್ಕ ನನ್ನ ತರಬ್ಯಾಡ."

"ಹೂಂ," ಎಂದ ಮನೋಹರ. ಭಿಗವಣ ಇನ್ನೂ ಎಂಬತ್ತು ಕಿಲೋಮೀಟರು ದೂರವಿತ್ತು.